ವಾಸ ಬದಲಾಗಲಿ, ಖಾತೆ ಕಾಯಲಿ

ಹೆಬ್ಬೂರಿನಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್. ಕುಣಿಗಲ್ ಕಡೆಯಿಂದ ಬರುವ ಬಸ್ಸು ಹತ್ತಿ ಕೂತರೆ ಗೂಳೂರು ದಾಟಿ ಒಂದು ಗಂಟೆಯೊಳಗೆ ಪಟ್ಟಣ. ಇಷ್ಟು ದಾರಿಗೆ ವಯಸ್ಸಾದ ಅಪ್ಪ ಅಮ್ಮನನ್ನು ಕರೆತರಲು ಮಕ್ಕಳಿಗೆ ನಾಲ್ಕೈದು ವರ್ಷ ಹಿಡಿಯುವುದುಂಟು. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಅದೇ ಮಾತು, ಅದೇ ಉತ್ತರ. “ಅಲ್ ಬಂದು ನಾನೇನ್ ಮಾಡ್ಲಪ್ಪ, ಗೋಡೆ ನೋಡ್ಕಂಡು ಕೂತ್ಕಳದಾ?” ಎಂದು ಅಪ್ಪ. “ಇಲ್ಲಿ ಸಂಜೆ ದೀಪ ಹಚ್ಚೋರ್ ಯಾರಿದಾರೆ ಹೇಳು” ಎಂದು ಅಮ್ಮ. ಕೊನೆಗೊಂದು ದಿನ ಬಚ್ಚಲಲ್ಲಿ ಜಾರಿಯೋ, ರಾತ್ರಿ ಎದೆನೋವು ಬಂದೋ ಆಸ್ಪತ್ರೆ ಸೇರುತ್ತಾರೆ. ಅಲ್ಲಿಂದ ನೇರ ಮಗನ ಮನೆಗೋ ಮಗಳ ಮನೆಗೋ ಬರುತ್ತಾರೆ. ಒಪ್ಪಿ ಬಂದದ್ದಲ್ಲ, ಬಿದ್ದು ಬಂದದ್ದು.

ಇದನ್ನು ಮುದುಕರ ಹಠ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಮಾತುಕತೆಗೆ ಸ್ವಲ್ಪ ಕಿವಿಗೊಟ್ಟರೆ, ಮಕ್ಕಳು ಕೇಳುತ್ತಿರುವ ಪ್ರಶ್ನೆ ಒಂದು, ಹೆತ್ತವರ ಕಿವಿಗೆ ಬೀಳುತ್ತಿರುವ ಪ್ರಶ್ನೆ ಮೂರು ಎಂಬುದು ತಿಳಿಯುತ್ತದೆ. “ನಮ್ ಜೊತೆ ಬಂದಿರಿ” ಎಂದಷ್ಟೇ ಮಗ ಹೇಳಿರುತ್ತಾನೆ. ಜಮೀನು ಇನ್ನು ಯಾರ ಹೆಸರಿಗೆ, ಈ ಮನೆಯ ಗತಿ ಏನು ಎಂಬ ಇನ್ನೆರಡು ಪ್ರಶ್ನೆಗಳನ್ನು ಅಪ್ಪ ತಾನೇ ಸೇರಿಸಿಕೊಂಡು ಕೇಳಿಸಿಕೊಳ್ಳುತ್ತಾನೆ. ಎಷ್ಟೋ ಮನೆಗಳಲ್ಲಿ ಹಾಗೆ ಕೇಳಿಸಿಕೊಳ್ಳುವುದರಲ್ಲಿ ತಪ್ಪೂ ಇರುವುದಿಲ್ಲ.

ವಾಸ, ಖಾತೆ, ಮನೆ. ಮೂರೂ ಬೇರೆ ಬೇರೆ ತೀರ್ಮಾನಗಳು. ಒಂದೊಂದಕ್ಕೂ ಅದರದೇ ಕಾಲ, ಅದರದೇ ಕಾನೂನು ಇದೆ. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೆತ್ತವರ ಮುಂದಿಟ್ಟರೆ ಅವರು ಮೂರಕ್ಕೂ ಸೇರಿಸಿ ಒಂದೇ ಉತ್ತರ ಕೊಡುತ್ತಾರೆ, ಬರುವುದಿಲ್ಲ ಎಂದು. ಬಿಡಿಸಿಟ್ಟರೆ ಮೊದಲನೆಯದಕ್ಕಾದರೂ ಒಪ್ಪುವ ಸಾಧ್ಯತೆ ಇದೆ. ಈ ಅಂಕಣದಲ್ಲಿ ಹೇಳಲು ಹೊರಟಿರುವುದು ಇಷ್ಟು: ಮೊದಲು ವಾಸ, ಆಮೇಲೆ ಖಾತೆ, ಎಲ್ಲದರ ಕೊನೆಗೆ ಮನೆ.

ಎರಡೂ ಕಡೆಯ ಭಯ

ಮಕ್ಕಳ ಆತಂಕ ಸುಳ್ಳಲ್ಲ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಈ ಸೀಮೆಯಲ್ಲಿ ಚಿರತೆ ದಾಳಿಗೆ ಮಕ್ಕಳು, ವಯಸ್ಸಾದವರು ಬಲಿಯಾದದ್ದು ನೆನಪಿರಬಹುದು. ಆಗ ಹೆಬ್ಬೂರು ಸುತ್ತಿನ ಹಳ್ಳಿಗಳಲ್ಲಿ ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ತೋಟದ ಮನೆಯಲ್ಲಿ ಇಬ್ಬರೇ ಇದ್ದ ತಂದೆತಾಯಿಗೆ ಬೆಂಗಳೂರಿನ ಮಕ್ಕಳು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ ಕಾಲ ಅದು. ಚಿರತೆಯ ಮಾತು ಬಿಟ್ಟರೂ, ಎದೆನೋವು, ಪಾರ್ಶ್ವವಾಯು ಎಂದರೆ ಊರಿಂದ ತುಮಕೂರಿಗೇ ಓಡಬೇಕು. ಓಡಿಸಿಕೊಂಡು ಹೋಗಲು ಮನೆಯಲ್ಲಿ ಪ್ರಾಯದವರಿಲ್ಲ. 2011ರ ಜನಗಣತಿಯ ಹೊತ್ತಿಗೆ ದೇಶದ 60 ವರ್ಷ ದಾಟಿದವರಲ್ಲಿ ನೂರಕ್ಕೆ 70 ಮಂದಿ ಹಳ್ಳಿಗಳಲ್ಲೇ ಇದ್ದರು. ಅವರನ್ನು ನೋಡಿಕೊಳ್ಳಬೇಕಾದ ವಯಸ್ಸಿನವರು ಬಸ್ಸು ಹತ್ತಿ ಬಹಳ ಕಾಲವಾಗಿದೆ.

ಅಪ್ಪನ ಭಯಕ್ಕೂ ಒಂದು ಇಸವಿ ಇದೆ. ಈಗ ಎಪ್ಪತ್ತೈದು ಎಂಬತ್ತರ ಆಸುಪಾಸಿನಲ್ಲಿರುವ ರೈತ ಪ್ರಾಯದವನಿದ್ದಾಗ ನೋಡಿದ ಅತಿ ದೊಡ್ಡ ಬದಲಾವಣೆ ದೇವರಾಜ ಅರಸು ಕಾಲದ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಲಕ್ಷಾಂತರ ಗೇಣಿದಾರರು ಉಳುವ ನೆಲದ ಒಡೆಯರಾದರು. ಅದು ನ್ಯಾಯವಾದದ್ದೇ. ಆದರೆ ಅದೇ ಕಾನೂನಿನ ಇನ್ನೊಂದು ಪಾಠವನ್ನೂ ಆ ತಲೆಮಾರು ಕಲಿತುಕೊಂಡಿತು. ಊರಲ್ಲಿಲ್ಲದವನ ಜಮೀನು ಉಳುವವನ ಪಾಲು, ಹೊಲ ಬಿಟ್ಟು ಹೋದರೆ ಹೊಲವೇ ಹೋಯಿತು ಎಂಬ ಪಾಠ. ಐದು ಎಕರೆಯ ಸಣ್ಣ ರೈತನೂ ಬೇರೆಯವರಿಗೆ ವಾರಕ್ಕೆ ಕೊಡಲು ಇಂದಿಗೂ ಹಿಂದೆಮುಂದೆ ನೋಡುವುದು ಇದೇ ನೆನಪಿನಿಂದ. ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವುದಕ್ಕೆ ಆ ಕಾನೂನಿನಲ್ಲಿ ನಿರ್ಬಂಧ ಈಗಲೂ ಇರುವುದರಿಂದ, ನಡೆಯುವ ವಾರವೆಲ್ಲ ಬಾಯಿಮಾತಿನದೇ. ಕಾಗದವಿಲ್ಲದ ಒಪ್ಪಂದವನ್ನು ಕಾಯಬೇಕಾದದ್ದು ಕಣ್ಣೆದುರಿನ ಹಾಜರಿ. “ನಾನಿಲ್ಲದೆ ಹೋದ್ರೆ ಬದ ಒತ್ತಿಬಿಡ್ತಾರೆ” ಎಂದು ಅಪ್ಪ ಹೇಳುವುದು ಇದನ್ನೇ.

ಇದಕ್ಕೆ ಮಕ್ಕಳು ಕೊಡಬೇಕಾದ ಉತ್ತರ ಸಮಾಧಾನದ ಮಾತಲ್ಲ, ಪಹಣಿ. ಭೂಮಿ ತಂತ್ರಾಂಶ ಬಂದ ಮೇಲೆ ಪಹಣಿಯನ್ನು ಎಲ್ಲಿ ಕೂತು ಬೇಕಾದರೂ ನೋಡಬಹುದು. ಒಂಬತ್ತನೇ ಕಲಮಿನಲ್ಲಿ ಮಾಲೀಕನ ಹೆಸರು, ಹನ್ನೆರಡನೇ ಕಲಮಿನಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ. ವರ್ಷಕ್ಕೊಮ್ಮೆ ಅದನ್ನು ತೆಗೆಸಿ ಅಪ್ಪನ ಕೈಗೆ ಕೊಡಿ, ಓದಿ ಹೇಳಿ. ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ ಬದುವಿಗೆ ಕಲ್ಲು ಹಾಕಿಸಿ, ಅದೂ ಅವರು ಊರು ಬಿಡುವ ಮೊದಲು, ಅವರೇ ಮುಂದೆ ನಿಂತು. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ ಮೂರು ಕಂತಿನಲ್ಲಿ ಬರುವ 6,000 ರೂಪಾಯಿ ಅಪ್ಪನ ಖಾತೆಗೇ ಬರಲಿ, ಅದರ ಮೆಸೇಜು ಅಪ್ಪನ ಫೋನಿಗೇ ಹೋಗಲಿ. ಮೊತ್ತ ದೊಡ್ಡದೇನಲ್ಲ. ಆದರೆ ತಾನಿನ್ನೂ ರೈತ ಎಂದು ಸರ್ಕಾರ ಒಪ್ಪುತ್ತದೆ ಎಂಬುದಕ್ಕೆ ಅವರ ಕೈಯಲ್ಲಿರುವ ಪುರಾವೆ ಅದು.

ಅಮ್ಮನ ಲೆಕ್ಕ ಬೇರೆ. ಬಹಳಷ್ಟು ಮನೆಗಳಲ್ಲಿ ಅವಳ ಹೆಸರಲ್ಲಿ ಜಮೀನಿಲ್ಲ, ಮನೆಯಿಲ್ಲ. ಇರುವುದು ಎರಡು ಸೀಮೆ ಹಸು, ಊರಿನ ಹಾಲಿನ ಡೇರಿಯ ಸದಸ್ಯತ್ವ, ಸ್ತ್ರೀಶಕ್ತಿ ಸಂಘದ ಉಳಿತಾಯ. ಬೆಳಿಗ್ಗೆ ಸಂಜೆ ಡೇರಿಗೆ ಹಾಕಿದ ಹಾಲಿನ ಬಟವಾಡೆ, ಅದರ ಮೇಲೆ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ, ಎಲ್ಲ ಸೇರಿ ಅವಳ ಖಾತೆಗೆ ಬೀಳುತ್ತಿತ್ತು. ಮೊಮ್ಮಗಳ ಕಿವಿಗೆ ಓಲೆ, ಮಗಳ ಬಾಣಂತನಕ್ಕೆ ತುಪ್ಪ, ನೆಂಟರ ಮದುವೆಗೆ ಮುಯ್ಯಿ, ಯಾವುದಕ್ಕೂ ಅವಳು ಯಾರ ಮುಂದೆಯೂ ಕೈ ಚಾಚಿರಲಿಲ್ಲ. ಹಸು ಮಾರಿದ ದಿನ ಆ ವರಮಾನ ನಿಂತಿತು. ಪಟ್ಟಣಕ್ಕೆ ಬಂದ ಮೇಲೆ ಹೂವಿಗೆ ಇಪ್ಪತ್ತು ರೂಪಾಯಿಯನ್ನೂ ಸೊಸೆಯ ಹತ್ತಿರ ಕೇಳಬೇಕು. ಅವಳು ಊರು ಬಿಡಲು ಹಿಂಜರಿದರೆ ಅದನ್ನು ದೀಪದ ನೆಪದಲ್ಲಿ ಹೇಳುತ್ತಾಳೆಯೇ ಹೊರತು ದುಡ್ಡಿನ ಮಾತಾಗಿ ಹೇಳುವುದಿಲ್ಲ. ಹಸು ಮಾರಿದ ಹಣ ಅವಳ ಹೆಸರಿನಲ್ಲಿ ಠೇವಣಿಯಾಗಲಿ, ಅದರ ಬಡ್ಡಿ ತಿಂಗಳು ತಿಂಗಳು ಅವಳ ಖಾತೆಗೆ ಬರಲಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೆ ಅದೂ ಅವಳ ಕೈಯಲ್ಲೇ ಉಳಿಯಲಿ. ಕರೆತರುವ ಮಾತಿಗೆ ಮೊದಲು ಈ ಏರ್ಪಾಡಾದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮೊದಲು ವಾಸ

ವಾಸ ಬದಲಿಸುವುದಕ್ಕೆ ಹಳ್ಳಿಯ ಪಂಚಾಂಗವೇ ಒಳ್ಳೆಯ ದಾರಿ ತೋರಿಸುತ್ತದೆ. ನಮ್ಮ ಸೀಮೆಯಲ್ಲಿ ರಾಗಿ ಕೊಯ್ಲು, ಕಣದ ಕೆಲಸ ಮುಗಿಯುವಾಗ ಸಂಕ್ರಾಂತಿ ಬಂದಿರುತ್ತದೆ. ಅವರೆಕಾಯಿಯ ಕಾಲವೂ ಮುಗಿಯುತ್ತ ಬಂದಿರುತ್ತದೆ. ಆಗ ಕರೆತನ್ನಿ. ಯುಗಾದಿಗೆ ಊರಿಗೆ ಕರೆದುಕೊಂಡು ಹೋಗಿ, ಅಲ್ಲಿ ಒಂದಷ್ಟು ದಿನ ಬಿಡಿ. ಮುಂದಿನದನ್ನು ಅವರೇ ಹೇಳಲಿ. ಆಷಾಢದಲ್ಲಿ ಮನೆ ಬದಲಿಸುವ ಮಾತನ್ನಂತೂ ಎತ್ತಲೇಬೇಡಿ. ನಿಮಗೆ ನಂಬಿಕೆ ಇದೆಯೋ ಇಲ್ಲವೋ, ಅವರಿಗಿದೆ, ಮುಂದೆ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಅದೇ ಕಾರಣವಾಗುತ್ತದೆ. ಎರಡು ಮೂರು ವರ್ಷ ಹೀಗೆ ಅಲ್ಲಿ ಇಲ್ಲಿ ಓಡಾಡಿಕೊಂಡಿದ್ದವರು ಒಂದು ದಿನ ತಾವಾಗಿಯೇ ಹೆಚ್ಚು ಬಟ್ಟೆ ಕಟ್ಟಿಕೊಂಡು ಬರುತ್ತಾರೆ.

ಮನೆ ಎಲ್ಲಿ ಹಿಡಿಯುತ್ತೀರಿ ಎನ್ನುವುದು ಮನೆ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ ಮುಖ್ಯ. ತುಮಕೂರಿನಲ್ಲೇ ಆದರೆ ಕುಣಿಗಲ್ ರಸ್ತೆಯ ಕಡೆ ನೋಡಿ. ಬಾಗಿಲಿಂದ ಹತ್ತು ಹೆಜ್ಜೆ ನಡೆದು ನಿಂತರೆ ಹೆಬ್ಬೂರಿನ ಬಸ್ಸು ಸಿಗುವ ಜಾಗ, ಅಮಾನಿಕೆರೆ ದಡದ ಹೊಸ ಅಪಾರ್ಟ್‌ಮೆಂಟಿಗಿಂತ ಅವರಿಗೆ ಮೇಲು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಅಮ್ಮ ಆಧಾರ್ ಕಾರ್ಡ್ ತೋರಿಸಿ ಹೋಗಿಬರಬಹುದು. 60 ದಾಟಿದ ಅಪ್ಪನಿಗೆ ಸಾರಿಗೆ ಸಂಸ್ಥೆ ಶೇ. 25ರ ರಿಯಾಯಿತಿ ಕೊಡುತ್ತದೆ. ಯಾರನ್ನೂ ಕೇಳದೆ ಊರಿಗೆ ಹೋಗಿ, ಮದುವೆ ತಿಥಿ ಮುಗಿಸಿ, ಸಂಜೆಗೆ ವಾಪಸ್ ಬರಬಲ್ಲವರಿಗೆ ಊರು ಬಿಟ್ಟ ದುಃಖ ಅರ್ಧಕ್ಕಿಳಿಯುತ್ತದೆ. ಹಾಗೆ ಹೋಗಲು ಕಾರಿರುವ ಮಗನ ಭಾನುವಾರಕ್ಕೆ ಕಾಯಬೇಕಾದವರಿಗೆ ಅದೇ ದುಃಖ ಇಮ್ಮಡಿ.

ಬೆಂಗಳೂರಿಗೆ ಕರೆದೊಯ್ಯುವವರಿಗೂ ಇದೇ ಮಾತು ಅನ್ವಯಿಸುತ್ತದೆ, ಸ್ವಲ್ಪ ಕಷ್ಟದಿಂದ. ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ಲಿಫ್ಟಿನ ಗುಂಡಿ ಒತ್ತಲು ಹೆದರುವ ಅಮ್ಮ ಕೆಳಗಿಳಿಯುವುದನ್ನೇ ಬಿಡುತ್ತಾಳೆ. ಇಂಥವರಿಗೆ ತುಮಕೂರಿನಲ್ಲೇ ನೆಲಮಹಡಿಯ ಸಣ್ಣ ಬಾಡಿಗೆ ಮನೆ ಮಾಡಿಕೊಟ್ಟು ಮಕ್ಕಳು ವಾರಕ್ಕೊಮ್ಮೆ ಬಂದುಹೋಗುವ ನಡುದಾರಿಯೂ ಇದೆ. ಊರಲ್ಲೇ ಉಳಿಯುತ್ತೇವೆ ಎಂದು ಪಟ್ಟು ಹಿಡಿದವರನ್ನು ತೋಟದ ಮನೆಯಿಂದ ಹೆಬ್ಬೂರು ಪೇಟೆಯೊಳಗೆ ರಸ್ತೆ ಬದಿಯ ಮನೆಗೆ ತಂದರೂ ಅದು ಸ್ಥಳಾಂತರವೇ. ರಾತ್ರಿ ಕೂಗಿದರೆ ಓಗೊಡುವವರಿದ್ದಾರೆ, ಆಂಬುಲೆನ್ಸು ಬಾಗಿಲಿಗೆ ಬರುತ್ತದೆ, ಬೆಳಿಗ್ಗೆ ಟೀ ಅಂಗಡಿಯ ಬೆಂಚೂ ಅವರ ಪಾಲಿಗೆ ಉಳಿಯುತ್ತದೆ.

ಹೊಸ ಮನೆಯ ಮೊದಲ ವಾರ ರಾತ್ರಿ ಹೊತ್ತಿನದೇ ಚಿಂತೆ. ನಲವತ್ತು ವರ್ಷ ಕತ್ತಲಲ್ಲೇ ಎದ್ದು ಎಡಕ್ಕೆ ತಿರುಗಿ, ಗೋಡೆ ಸವರಿಕೊಂಡು ಹಿತ್ತಲ ಬಾಗಿಲಿಗೆ ಹೋಗುತ್ತಿದ್ದವರು ಇಲ್ಲೂ ನಿದ್ದೆಗಣ್ಣಲ್ಲಿ ಎಡಕ್ಕೇ ತಿರುಗುತ್ತಾರೆ. ಎಡಕ್ಕೆ ಬೀರು ಇರುತ್ತದೆ. ಆದ್ದರಿಂದ ಮಂಚ ಹಾಕುವಾಗ ಊರಿನ ಮನೆಯಲ್ಲಿ ಯಾವ ಕಡೆ ಇಳಿಯುತ್ತಿದ್ದರು ಎಂದು ನೋಡಿ, ಬಚ್ಚಲು ಅದೇ ಕಡೆ ಸಿಗುವಂತೆ ಹಾಕಿ. ಹೊಸ ಮಂಚ ಕೊಳ್ಳಬೇಡಿ, ಹಳೆಯದನ್ನೇ ತನ್ನಿ, ಅದರ ಎತ್ತರ ಅವರ ಕಾಲಿಗೆ ಗೊತ್ತು. ದಾರಿಗೆ ಸಣ್ಣ ರಾತ್ರಿ ದೀಪ, ಬಚ್ಚಲಲ್ಲಿ ಗಟ್ಟಿ ಹಿಡಿಕೆ, ಜಾರದ ನೆಲ, ಹೊರಗಿಂದಲೂ ತೆಗೆಯಲು ಬರುವ ಚಿಲಕ. ಇಷ್ಟಕ್ಕೆ ಆಗುವ ಖರ್ಚು ಸೊಂಟ ಮುರಿದರೆ ಆಗುವ ಖರ್ಚಿನ ಮುಂದೆ ಏನೂ ಅಲ್ಲ.

ಮರೆವಿನ ಕಾಯಿಲೆ ಇರುವವರ ವಿಷಯದಲ್ಲಿ ಮಾತ್ರ ನಿಧಾನವೇ ಪ್ರಧಾನ ಎನ್ನಲಾಗದು. ಭಾರತದ ವೃದ್ಧರ ದೊಡ್ಡ ಸಮೀಕ್ಷೆಯಾದ ಲಾಸಿಯ ಮಾಹಿತಿ ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಲೆಕ್ಕದಲ್ಲಿ ಸುಮಾರು 88 ಲಕ್ಷ ಮಂದಿ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಅದು ಹೆಚ್ಚು. ಹಳೆಯ ಮನೆಯಲ್ಲಿ ಕೈಕಾಲಿಗೆ ಎಲ್ಲ ರೂಢಿಯಾಗಿರುವುದರಿಂದ ಮರೆವು ಹೊರಗೆ ಕಾಣಿಸುವುದಿಲ್ಲ. ಹೊಸ ಮನೆಗೆ ಬಂದೊಡನೆ ಎದ್ದು ಕಾಣುತ್ತದೆ. ಸಂಜೆಯಾಗುತ್ತಲೇ ಚೀಲ ಹಿಡಿದು, “ಹೊತ್ತಾಯ್ತು, ಮನೆಗ್ ಹೋಗನ ನಡಿ” ಎಂದು ಬಾಗಿಲಿಗೆ ಬಂದು ನಿಲ್ಲುತ್ತಾರೆ. “ಇದೇ ನಿನ್ ಮನೆ ಕಣಮ್ಮ” ಎಂದು ವಾದಿಸಿ ಗೆದ್ದವರಿಲ್ಲ. ಹೂಂ ಎಂದು ಜೊತೆಗೆ ಬೀದಿ ತುದಿಯವರೆಗೆ ನಡೆದು, ಮಾತಾಡಿಸುತ್ತ ತಿರುಗಿ ಕರೆತಂದವರು ಗೆದ್ದಿದ್ದಾರೆ. ಮರೆವು ಶುರುವಾಗಿದೆ ಎಂದು ವೈದ್ಯರು ಹೇಳಿದ್ದರೆ ಹೊಸ ಮನೆಯನ್ನು ಕಲಿಯುವ ಶಕ್ತಿ ಇನ್ನೂ ಇರುವಾಗಲೇ ಕರೆತರುವುದು ಒಳ್ಳೆಯದು. ಆಸ್ಪತ್ರೆಯಿಂದ ಬಂದ ಮೇಲೆ ದಿಢೀರನೆ ಬಡಬಡಿಸತೊಡಗಿದರೆ ಅರವತ್ತರ ಅರಳುಮರಳು ಎಂದು ಸುಮ್ಮನಾಗಬೇಡಿ. ಸೋಂಕು, ಉಪ್ಪಿನಂಶದ ಏರುಪೇರು, ಹೊಸ ಮಾತ್ರೆ ಯಾವುದರಿಂದಲೂ ಹಾಗಾಗಬಹುದು, ಚಿಕಿತ್ಸೆ ಕೊಟ್ಟರೆ ಇಳಿಯಲೂಬಹುದು.

ಕಾಗದಪತ್ರಗಳಲ್ಲಿ ವಾಸಕ್ಕೆ ಸಂಬಂಧಿಸಿದ್ದಷ್ಟನ್ನೇ ಈಗ ಮುಟ್ಟಿ. ಪಡಿತರ ಚೀಟಿ ಬದಲಿಸುವ ಅಗತ್ಯವಿಲ್ಲ, ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿ ಬ್ಯಾಂಕಿಗೋ ಅಂಚೆ ಕಚೇರಿಗೋ ಬರುತ್ತದೆ, ಯಾವ ಖಾತೆಗೆ ಬರುತ್ತಿದೆ, ಪಟ್ಟಣದಲ್ಲಿ ತೆಗೆಯಲು ಆಗುತ್ತದೆಯೇ ಎಂದು ಮೊದಲೇ ನೋಡಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಇದೆ. ಆದರೆ ಕಾಯಂ ವಾಸ ತೀರ್ಮಾನವಾಗುವವರೆಗೆ ಅದಕ್ಕೆ ಆತುರ ಬೇಡ. ಗ್ರಾಮ ಪಂಚಾಯಿತಿ ಚುನಾವಣೆಗೆ ಬಂದು ಹೋಗುವಾಗ ಸಿಗುವ ಮರ್ಯಾದೆ ಪಟ್ಟಣದ ವಾರ್ಡಿನಲ್ಲಿ ಸಿಗುವುದಿಲ್ಲ.

ಸಾಮಾನು ಯಾರ ಕೈಯಲ್ಲಿ?

ಮನೆ ಖಾಲಿ ಮಾಡುವ ದಿನ ಮಕ್ಕಳು ಲಾರಿಗೆ ಹೊತ್ತು ಗೊತ್ತು ಮಾಡಿ ಬಂದಿರುತ್ತಾರೆ. ಅಟ್ಟದ ಮೇಲಿಂದ ಇಳಿಸಿದ್ದೆಲ್ಲ ಅವರ ಕಣ್ಣಿಗೆ ಗುಜರಿ. ತೂತು ಬಿದ್ದ ತಾಮ್ರದ ಹಂಡೆ, ಬಾಯಿ ಒಡೆದ ವಾಡೆ, ಹಿಡಿ ಸಡಿಲಾದ ರಾಗಿ ಬೀಸುವ ಕಲ್ಲು, ಮೊರ, ಜರಡಿ, ಮುದ್ದೆ ಕೋಲು, ಕುಡುಗೋಲುಗಳ ಕಟ್ಟು. ತಾಮ್ರಕ್ಕೆ ಒಳ್ಳೆ ಬೆಲೆ ಇದೆ ಎಂದು ಒಬ್ಬರು ತಕ್ಕಡಿಯವನನ್ನು ಕರೆಯುತ್ತಾರೆ. ಹಂಡೆಯ ಕಂಠದ ಮೇಲೆ ಕೊರೆಸಿದ ಹೆಸರನ್ನು ಅಮ್ಮ ಬೆರಳಲ್ಲಿ ಉಜ್ಜಿ ತೋರಿಸುತ್ತಾಳೆ. ಅದು ಅವಳ ತಾಯಿಯ ಹೆಸರು, ಮದುವೆಯಲ್ಲಿ ಬಳುವಳಿಯಾಗಿ ಬಂದದ್ದು. ಅದರ ಮೇಲೆ ಮಾತು ಬೆಳೆದು, ಅಕ್ಕ ತಂಗಿ ಅತ್ತಿಗೆ ಎಲ್ಲ ಸೇರಿ, ಹಂಡೆ ಹೋಗುವುದೋ ಇರುವುದೋ ಎಂಬುದಕ್ಕಿಂತ ಹೇಳುವವರು ಯಾರು ಎಂಬುದೇ ಜಗಳವಾಗುತ್ತದೆ.

ಈ ಹೊತ್ತಿನಲ್ಲಿ ಒಂದು ನಿಯಮ ಸಾಕು. ಬಿಸಾಡುವ ಅಧಿಕಾರ ವಸ್ತು ಯಾರದೋ ಅವರಿಗೆ. ಮಕ್ಕಳು ತಮ್ಮ ಹಳೇ ಪುಸ್ತಕ, ಟ್ರಂಕು, ಮುರಿದ ಸೈಕಲ್ಲನ್ನು ವಿಲೇವಾರಿ ಮಾಡಲಿ. ಹೆತ್ತವರದನ್ನು ಅವರೇ ಒಂದೊಂದಾಗಿ ಎತ್ತಿ, ಇದು ದೊಡ್ಡ ಮಗಳಿಗೆ, ಇದು ಪಕ್ಕದ ಮನೆಯವಳಿಗೆ, ಇದು ಗುಡಿಗೆ ಎಂದು ಹಂಚಲಿ. ಕೊಡುವ ಕೈಯಾಗಿ ಮನೆ ಬಿಡುವುದಕ್ಕೂ ಕಳೆದುಕೊಳ್ಳುವ ಕೈಯಾಗಿ ಬಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಇದಕ್ಕೆ ಒಂದು ದಿನ ಸಾಲದು. ಮನೆಯನ್ನು ಈಗಲೇ ಮಾರುತ್ತಿಲ್ಲ ಎಂದಾದರೆ ಒಂದೇ ದಿನದಲ್ಲಿ ಮುಗಿಸಬೇಕಾದ ಕಾರಣವೂ ಇಲ್ಲ.

ಹಳೇ ಮನೆಗಳ ವಿಷಯದಲ್ಲಿ ಅವರಿಗೆ ಮಾತ್ರ ಗೊತ್ತಿರುವ ಸಂಗತಿಗಳೂ ಇರುತ್ತವೆ. ನಮ್ಮ ಕಡೆಯ ಮನೆಗಳ ಮುಂದೆ, ಕೆಲವೆಡೆ ಒಳಗೇ, ರಾಗಿ ತುಂಬಿಡುತ್ತಿದ್ದ ಹಗೇವು ಇರುತ್ತಿತ್ತು. ಎಷ್ಟೋ ಹಗೇವುಗಳ ಬಾಯಿಗೆ ಚಪ್ಪಡಿ ಎಳೆದು ಮೇಲೆ ಸಿಮೆಂಟು ಬಳಿದಿದ್ದಾರೆ. ಅದು ಎಲ್ಲಿದೆ, ಎಷ್ಟು ಆಳ ಎಂದು ಅಪ್ಪನಿಗೆ ಗೊತ್ತು. ಬಾಯಿ ತೆಗೆದ ಕೂಡಲೇ ಇಳಿಯಬಾರದು, ವಿಷಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ಅದು ಆರದೆ ಉರಿಯುತ್ತದೆಯೇ ಎಂದು ನೋಡಿಯೇ ಇಳಿಯುತ್ತಿದ್ದರು ಎಂಬುದೂ ಅವರಿಗೇ ಗೊತ್ತು. ಬಾವಿಯ ಸೆಲೆ, ಕಲ್ಲು ಹೂತ ಜಾಗ, ಹಾದಿ ಹಕ್ಕಿನ ಹಳೇ ಒಪ್ಪಂದ, ದಾಯಾದಿಗಳ ಜೊತೆಗಿನ ಬಾಯಿಮಾತಿನ ಪಾಲು, ಇವನ್ನೆಲ್ಲ ಅವರನ್ನು ಜಾಗದಲ್ಲೇ ನಿಲ್ಲಿಸಿ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪಟ್ಟಣದ ಸೋಫಾದ ಮೇಲೆ ಕೂರಿಸಿ ಕೇಳಿದರೆ ಅರ್ಧವೂ ಬರುವುದಿಲ್ಲ.

ಆಮೇಲೆ ಖಾತೆ

“ಹೇಗೂ ಬರ್ತಾ ಇದೀರಲ್ಲ, ಖಾತೆ ಮಾಡಿಸ್ಬಿಡೋಣ” ಎಂಬ ಮಾತು ಬರುವುದು ಸಾಮಾನು ಕಟ್ಟುವ ಹೊತ್ತಿಗೇ. ಅದನ್ನು ಮುಂದೂಡಿ. ಆದರೆ ಹೆತ್ತವರ ಹೆಸರಿಗೇ ಆಗಬೇಕಾದ ಕೆಲಸಗಳನ್ನು ಮುಂದೂಡಬೇಡಿ. ಬಹಳ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಮೊದಲು ಪೌತಿ ಖಾತೆ ಮಾಡಿಸಿ. ಗ್ರಾಮಠಾಣಾ ಒಳಗಿನ ಮನೆಗೆ ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ 9 ಮತ್ತು 11 ಪಡೆಯಿರಿ. ವಂಶವೃಕ್ಷ, ಮರಣಪತ್ರ, ಹಳೇ ಕಂದಾಯದ ರಸೀತಿ ಯಾವ ಪೆಟ್ಟಿಗೆಯಲ್ಲಿದೆ ಎಂದು ಹೇಳುವವರು ಎದುರಿಗಿರುವಾಗ ಇದು ಸಲೀಸು.

ಮಕ್ಕಳ ಹೆಸರಿಗೆ ಬರೆದುಕೊಡುವ ಮಾತು ಬಂದಾಗ ಎರಡು ಕಾನೂನುಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಒಂದು ಹೆಣ್ಣುಮಕ್ಕಳ ಪಾಲಿನದು. 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿರುವ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದಲೇ. ಆ ದಿನ ತಂದೆ ಬದುಕಿರಬೇಕಿತ್ತು ಎಂಬ ಷರತ್ತೂ ಇಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆತ್ತವರನ್ನು ನೋಡಿಕೊಳ್ಳುವವನು ನಾನು, ಆದ್ದರಿಂದ ಎಲ್ಲ ನನಗೆ ಎಂದು ಒಬ್ಬ ಮಗ ಬರೆಸಿಕೊಂಡರೆ ಅಕ್ಕತಂಗಿಯರು ಕೋರ್ಟಿಗೆ ಹೋಗುತ್ತಾರೆ. ಆ ಕೇಸು ಮುಗಿಯುವವರೆಗೆ ತಂದೆತಾಯಿ ಯಾವ ಮಗಳ ಮನೆಗೂ ಹೋಗಲಾರದೆ ಕೂರುತ್ತಾರೆ.

ಇನ್ನೊಂದು, ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007. ಇದರ 23ನೇ ಸೆಕ್ಷನ್ನಿನ ಪ್ರಕಾರ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವರು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಬೇಕು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿರಿಯರಿಗೆ ಅನುಕೂಲವಾಗುವಂತೆ ಈ ಕಾಯ್ದೆಯನ್ನು ಓದಿಕೊಳ್ಳಬೇಕು ಎಂದು 2025ರ ಜನವರಿಯ ಊರ್ಮಿಳಾ ದೀಕ್ಷಿತ್ ಪ್ರಕರಣದ ತೀರ್ಪು ಹೇಳಿತು. ಇವೆರಡರ ಒಟ್ಟು ಸಾರ ಹಳ್ಳಿಯವರಿಗೆ ಬೇಕಾದಷ್ಟು ಸರಳ. ದಾನಪತ್ರ ಮಾಡುವುದೇ ಆದರೆ, ಊಟ, ವಾಸ, ಔಷಧಿ ನೋಡಿಕೊಳ್ಳತಕ್ಕದ್ದು ಎಂಬ ಷರತ್ತು ಪತ್ರದಲ್ಲೇ ಇರಲಿ. ಬಾಯಿಮಾತು ಸಾಕು, ನನ್ನ ಮಗ ಹಾಗಲ್ಲ ಎನ್ನುವವರೇ ಮುಂದೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಲ್ಲುವವರು. ಆ ನ್ಯಾಯಮಂಡಳಿಗೆ ವಕೀಲರ ಅಗತ್ಯವಿಲ್ಲ, 2007ರ ಕಾಯ್ದೆಯಂತೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ.

ಇಷ್ಟೆಲ್ಲಕ್ಕಿಂತ ಹಗುರಾದದ್ದು ಉಯಿಲು. ಬಿಳಿ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದರೂ ಕಾನೂನು ಒಪ್ಪುತ್ತದೆ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬದುಕಿರುವವರೆಗೆ ಖಾತೆ ಅವರದೇ, ಮನಸ್ಸು ಬದಲಾದರೆ ಉಯಿಲನ್ನೂ ಬದಲಿಸಬಹುದು. ಅಪ್ಪನಿಗೆ ಬೇಕಾದ ಭದ್ರತೆಯೂ ಮಕ್ಕಳಿಗೆ ಬೇಕಾದ ಸ್ಪಷ್ಟತೆಯೂ ಒಂದೇ ಕಾಗದದಲ್ಲಿ ಸಿಗುತ್ತದೆ. ತನ್ನ ಪಾಲಿನ ಆಸ್ತಿಗೆ ಮಾತ್ರ ಉಯಿಲು ಬರೆಯಬಹುದು ಎಂಬುದೊಂದನ್ನು ಮರೆಯಬಾರದು.

ಕೊನೆಗೆ ಮನೆ

ಮೂರನ್ನೂ ಒಂದೇ ಏಟಿಗೆ ಕಳೆದುಕೊಂಡವರು ಈ ನಾಡಿನಲ್ಲಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಸಾವಿರಾರು ಕುಟುಂಬಗಳು ಮನೆ, ತೋಟ, ಗುಡಿ ಬಿಟ್ಟು ಲಾರಿ ಹತ್ತಿದವು. ಅವರನ್ನು ಇಳಿಸಿದ ಜಾಗದ ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳು ಇಂದಿಗೂ ಹೋರಾಡುತ್ತಿದ್ದಾರೆ. ಆಲಮಟ್ಟಿಯ ಹಿನ್ನೀರು ಬಂದಾಗ ಬಾಗಲಕೋಟೆಯ ಓಣಿಗಳು ಖಾಲಿಯಾಗಿ ನವನಗರದ ಸೆಕ್ಟರುಗಳಾದವು. ನಾ. ಡಿಸೋಜರ ಕಾದಂಬರಿ ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ‘ದ್ವೀಪ’ ಚಿತ್ರದಲ್ಲಿ ಮುಳುಗುವ ಊರಿನಲ್ಲೂ ಮನೆ ಬಿಡಲೊಪ್ಪದ ಮುದುಕ ದುಗ್ಗಜ್ಜನನ್ನು ನೋಡಿದವರಿಗೆ ಆ ನೋವು ವಿವರಿಸಬೇಕಿಲ್ಲ. ಅಲ್ಲಿ ನೀರು ಏರುತ್ತಿತ್ತು, ಸಮಯವಿರಲಿಲ್ಲ. ಹೆಬ್ಬೂರಿನಲ್ಲಿ ಯಾವ ನೀರೂ ಏರುತ್ತಿಲ್ಲ. ಅವರಿಗಿಲ್ಲದ ಸಮಯ ನಮಗಿದೆ. ಅದನ್ನು ನಾವಾಗಿಯೇ ಯಾಕೆ ಕಳೆದುಕೊಳ್ಳಬೇಕು?

ಖಾಲಿ ಮನೆ ಉಳಿಸಿಕೊಳ್ಳುವುದಕ್ಕೂ ಖರ್ಚಿದೆ. ಹೆಂಚು ಸರಿಸಿ ನೋಡದಿದ್ದರೆ ಒಂದೇ ಮಳೆಗಾಲಕ್ಕೆ ತೊಲೆಗೆ ಗೆದ್ದಲು. ತಿಂಗಳಿಗೊಮ್ಮೆ ಗುಡಿಸಿ ಬಾಗಿಲು ತೆರೆಯಲು, ಅಮಾವಾಸ್ಯೆಗೆ ದೀಪ ಹಚ್ಚಲು ಊರಿನವರೊಬ್ಬರಿಗೆ ಸಂಬಳ ಗೊತ್ತು ಮಾಡಿ. ಬೆಸ್ಕಾಂ ಮೀಟರು ಇರಲಿ, ಪಂಚಾಯಿತಿ ಕಂದಾಯ ಅಪ್ಪನ ಹೆಸರಿನಲ್ಲೇ ಕಟ್ಟಿ ರಸೀತಿ ಅವರಿಗೇ ಕೊಡಿ. ಒಂದು ಬೀಗದ ಕೈ ಅವರ ಹತ್ತಿರವೇ ಇರಲಿ. ಮಹಾಲಯ ಅಮಾವಾಸ್ಯೆಯ ಎಡೆ ಆ ನಡುಮನೆಯಲ್ಲೇ ನಡೆಯಲಿ. ಒಡಹುಟ್ಟಿದವರೆಲ್ಲ ಒಟ್ಟಿಗೆ ಸೇರುವುದೂ, ಮನೆಯ ಬಗ್ಗೆ ಜಗಳವಿಲ್ಲದೆ ಮಾತಾಡಲು ಸಾಧ್ಯವಾಗುವುದೂ ಆ ಒಂದು ದಿನ.

ಮಾರುವುದು ತಪ್ಪಲ್ಲ. ಹೆತ್ತವರ ಔಷಧಿಗೆ, ಆರೈಕೆಗೆ ದುಡ್ಡು ಬೇಕಾದಾಗ ಮಾರುವುದೇ ಸರಿ, ಆ ಹಣ ಅವರ ಖಾತೆಗೇ ಹೋಗಬೇಕು. ಆದರೆ ಅವರು ಊರು ಬಿಟ್ಟ ವರ್ಷ ಮಾರುವ ಮಾತು ಬೇಡ. ಎರಡು ಯುಗಾದಿ ಕಳೆಯಲಿ. ಪಟ್ಟಣ ಒಗ್ಗಿದೆಯೋ ಇಲ್ಲವೋ, ವಾಪಸ್ ಹೋಗಬೇಕೆನ್ನುತ್ತಾರೋ, ಇಬ್ಬರಲ್ಲಿ ಒಬ್ಬರು ಇಲ್ಲವಾದರೆ ಉಳಿದವರಿಗೆ ಎಲ್ಲಿರಲು ಇಷ್ಟ, ಎಲ್ಲವೂ ಅಷ್ಟು ಹೊತ್ತಿಗೆ ತಿಳಿಯುತ್ತದೆ. ಅದಕ್ಕೂ ಮೊದಲು ಮನೆ ಮಾರಲೇಬೇಕು ಎಂದು ಯಾರಾದರೂ ಪಟ್ಟು ಹಿಡಿದರೆ ಬೆಲೆ ಎಷ್ಟು ಎಂದು ಕೇಳುವ ಮೊದಲು, ಈ ಅವಸರ ಯಾರದು ಎಂದು ಕೇಳಿ. ಹೆತ್ತವರದಲ್ಲದಿದ್ದರೆ, ಕಾಯಲು ಹೇಳಿ.